ಹುಳದಾಳು, ಬಾಯಾಳು

ನಮ್ಮೂರಿಗೆ ಬರುವವರು ಬಸ್ಸಿನ ಬೋರ್ಡು ನೋಡಿ ಹತ್ತಿ ಪ್ರಯೋಜನವಿಲ್ಲ, ಯಾವ ಬೋರ್ಡಿನಲ್ಲೂ ನಮ್ಮೂರ ಹೆಸರು ಬರೆದಿಲ್ಲ. ಬಸ್ಸಿನೊಳಗೆ ಯಾರಾದರೂ ಕೆನ್ನೆ ಮೇಲಿನ ಸೊಳ್ಳೆ ಹೊಡೆದು, ಪಕ್ಕದವರ ಜೊತೆ ಆಡುತ್ತಿದ್ದ ಮಾತು ಅಲ್ಲಿಗೇ ನಿಂತು, ಒಂದು ಉಸಿರಾದ ಮೇಲೆ ಮತ್ತೆ ಶುರುವಾದರೆ ಊರು ಬಂತು ಎಂದು ತಿಳಿದು ಇಳಿಯಬೇಕು. ಜೀವ ತೆಗೆದವರ ಬಾಯಿ ಹೋಗುತ್ತದೆ, ನಮ್ಮಲ್ಲಿ ಅಷ್ಟೇ. ಸೊಳ್ಳೆಗೆ ಒಂದು ಉಸಿರು, ಗೊಣ್ಣೆಹುಳಕ್ಕೆ ಅರ್ಧ ದಿನ, ಕೋಳಿಗೆ ಮೂರು ದಿನ. ಮಾಂಸದಂಗಡಿ ಓಬಳೇಶ ಮಾತಾಡಿದ್ದನ್ನು ಕೇಳಿದವರು ಈಗ ಯಾರೂ ಬದುಕಿಲ್ಲ, ಆದರೂ ಭಾನುವಾರ ಅವನ ಅಂಗಡಿ ಮುಂದೆ ಸಾಲು ತಪ್ಪುವುದಿಲ್ಲ. ನೇಗಿಲಿಗೆ, ಎತ್ತಿನ ಗೊರಸಿಗೆ ಸಿಕ್ಕಿ ಸತ್ತದ್ದು ಮಾತ್ರ ಎತ್ತಿನ ಬಾಬತ್ತು, ಮನುಷ್ಯನದಲ್ಲ. ಈ ಕೊನೆಯ ಮಾತನ್ನು ಗಮನದಲ್ಲಿಡಿ, ನಾನು ಹಾಳಾದದ್ದೇ ಅದರಿಂದ.

ನಮ್ಮದು ಕೆಂಪು ಮರಳುಮಣ್ಣು, ಕಡಲೆಕಾಯಿ ಬಿಟ್ಟರೆ ಬೇರೆ ಬೆಳೆ ಒಗ್ಗುವುದಿಲ್ಲ. ಆ ಮಣ್ಣಿನಲ್ಲಿ ಕಡಲೆಕಾಯಿಗಿಂತ ಮೊದಲೇ ಹುಟ್ಟಿದ್ದು ಗೊಣ್ಣೆಹುಳ. ಹೆಬ್ಬೆರಳು ಗಾತ್ರ, ಹಾಲುಬಿಳುಪು ಮೈ, ಕಂದು ತಲೆ, ಮುಟ್ಟಿದರೆ ಬಿಲ್ಲಿನ ಹಾಗೆ ಬಾಗಿ ಮಲಗುತ್ತದೆ. ನೋಡುವುದಕ್ಕೆ ಪಾಪದ್ದು. ನಿನ್ನೆ ಹಸಿರಾಗಿದ್ದ ಗಿಡ ಇವತ್ತು ಸೊರಗಿದೆಯಲ್ಲ ಎಂದು ಹಿಡಿದೆತ್ತಿದರೆ ಬೇರೇ ಇಲ್ಲದೆ ಕೈಗೆ ಬರುತ್ತದೆ, ಅಷ್ಟು ಪಾಪದ್ದು. ಬೇರೆ ಊರಿನವರ ಹಾಗೆ ಔಷಧಿ ಹಾಕಿದರಾಯಿತು ಎಂದು ನಮ್ಮ ಚಿಕ್ಕೀರಣ್ಣ ಒಮ್ಮೆ ನಾಲ್ಕು ಎಕರೆಗೆ ಪುಡಿ ಎರಚಿದ. ಹದಿನಾಲ್ಕು ವರ್ಷ ಬಾಯಿ ಬರಲಿಲ್ಲ, ಹಾಗೇ ಸತ್ತ. ಸಾಯುವಾಗ ಕೈಯೆತ್ತಿ ಹಿತ್ತಲ ಕಡೆ ತೋರಿಸಿದ. ಅಪ್ಪ ತೋರಿಸಿದ್ದು ಬಾವಿಯನ್ನೋ ಎಮ್ಮೆಯನ್ನೋ ಎಂದು ಅವನ ಮಕ್ಕಳು ಇವತ್ತಿಗೂ ಜಗಳ ಆಡುತ್ತಾರೆ.

ಹಾಗಾಗಿ ನಮ್ಮೂರಲ್ಲಿ ಮನೆಗೊಬ್ಬ ಹುಳದಾಳು. ಮುಂಗಾರು ಬಿದ್ದಾಗಿನಿಂದ ಅವನು ಕಳೆ ಕೀಳುವ ಕುರ್ಚಿಗೆ ಹಿಡಿದು, ಸೊರಗಿದ ಗಿಡದ ಬುಡ ಕೆದಕಿ, ಹುಳ ಹೆಕ್ಕಿ ಉಪ್ಪುನೀರಿನ ಮಡಕೆಗೆ ಹಾಕಬೇಕು. ಮನೆಯವರೆಲ್ಲರ ಬಾಯಿ ಉಳಿಯಲಿ ಎಂದು ಅವನೊಬ್ಬ ಬಾಯಿ ಕಟ್ಟಿಕೊಳ್ಳುವುದು. ಅವನ ಪರವಾಗಿ ಮಾತಾಡುವುದಕ್ಕೆ ಮನೆಯಲ್ಲೇ ಒಬ್ಬ ಬಾಯಾಳು. ಹುಳದಾಳು ಕೈಯಲ್ಲಿ ಹೇಳಿದ್ದನ್ನು ಬಾಯಾಳು ಬಾಯಲ್ಲಿ ಹೇಳಬೇಕು, ಒಂದು ಅಕ್ಷರ ಹೆಚ್ಚಿಲ್ಲ, ಒಂದು ಅಕ್ಷರ ಕಮ್ಮಿ ಇಲ್ಲ. ಅಣ್ಣತಮ್ಮಂದಿರು ಇದ್ದ ಮನೆಯಲ್ಲಿ ವರ್ಷಕ್ಕೊಬ್ಬರಂತೆ ಸರದಿ. ನಮ್ಮ ಮನೆಯಲ್ಲಿ ನಾನು ಕ್ಯಾತಣ್ಣ, ನನ್ನ ತಮ್ಮ ತಿಮ್ಮರಾಯಿ. ಮೊದಲ ವರ್ಷ ಅವನು ಹುಳದಾಳು, ನಾನು ಬಾಯಾಳು. ಎರಡನೇ ವರ್ಷ ನನ್ನ ಸರದಿ ಬಂತು, ಆಗ ತಂಗಿಯ ಮದುವೆ ಮಾತುಕತೆ ಇತ್ತು, ನಾನಲ್ಲದೆ ಇನ್ನಾರು ಮಾತಾಡಬೇಕು? ಮೂರನೇ ವರ್ಷ ಬದುವಿನ ತಕರಾರು. ನಾಲ್ಕನೇ ವರ್ಷ ಏನೆಂದು ನನಗೇ ನೆನಪಿಲ್ಲ. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಅನ್ನುತ್ತಾರೆ, ನಾನು ಒಂಬತ್ತು ಮುಂಗಾರು ಹಾಗೇ ಬದುಕಿದೆ. ಒಂದು ಮುಂಗಾರಿನ ಹುಳದ ಮೌನ ತೀರುವಷ್ಟರಲ್ಲಿ ಮುಂದಿನ ಮುಂಗಾರು ಬಂದಿರುತ್ತಿತ್ತು, ತಿಮ್ಮರಾಯಿ ಮತ್ತೆ ಮಡಕೆ ಎತ್ತಿಕೊಂಡು ಹೊಲಕ್ಕೆ ಇಳಿಯುತ್ತಿದ್ದ. ನನ್ನ ಕಡೆ ತಿರುಗಿ ನೋಡುತ್ತಲೂ ಇರಲಿಲ್ಲ. ನೋಡಿದ್ದರೆ ಒಳ್ಳೆಯದಿತ್ತು.

ಈಗ ನನ್ನ ತಪ್ಪಿಗೆ ಬರುತ್ತೇನೆ. ತಿಮ್ಮರಾಯಿಗೆ ಹೆಣ್ಣು ನೋಡಿದ್ದು ಅವನ ಮೊದಲ ಹುಳದ ವರ್ಷದಲ್ಲೇ. ಹುಳದಾಳು ಶುಭಕಾರ್ಯ ನಡೆಯುವ ನಡುಮನೆಗೆ ಕಾಲಿಡುವಂತಿಲ್ಲ, ಅದು ಪದ್ಧತಿ. ಹೆಣ್ಣಿನ ಮನೆಯ ಮುಂದೆ ಹೊಂಗೆಮರದ ಕೆಳಗೆ ಅವನು ನಿಂತ. ನಾನು ಒಳಗೆ ಹೋಗುವ ಮೊದಲು ನನ್ನ ತೋಳು ಹಿಡಿದು ನಿಲ್ಲಿಸಿ ಕೈಯಲ್ಲಿ ಹೇಳಿದ: "ನೀನು ಮಣ್ಣಿಗೆ ಇಳಿಯೋನಲ್ಲ ಅಣ್ಣ, ನಂಗೊತ್ತು. ಬಾಳೆಲ್ಲ ನಾನು ಹಿಂಗೇ ಇರೋನು. ಹುಡುಗಿಗೆ ಇದನ್ನ ಹೇಳು. ಅವಳು ಹ್ಞೂಂ ಅಂದ್ರೆ ಮಾತ್ರ." ನಾನು ಆಗಲಿ ಎಂದು ತಲೆಯಾಡಿಸಿ ಒಳಗೆ ಹೋದೆ. ಕೊಬ್ಬರಿ ಸಕ್ಕರೆ ಕೊಟ್ಟರು, ಕಾಪಿ ಕೊಟ್ಟರು. ಹುಡುಗಿ ಗಂಗಹನುಮಕ್ಕ ಬಾಗಿಲ ಹಿಂದೆ ನಿಂತು ತಾನೇ ಕೇಳಿದಳು, "ಅವ್ರು ಯಾವಾಗ ಮಾತಾಡ್ತಾರೆ?" ನಾನು ತಡಮಾಡದೆ ಹೇಳಿದೆ: "ಇದೊಂದೇ ಮುಂಗಾರು ಕಣವ್ವ. ಬರೋ ವರ್ಷ ಸರದಿ ನಂದು. ಮುಂದಿನ ದೀಪಾವಳಿಗೆ ನಿನ್ನ ಗಂಡ ನಿನ್ನ ಹೆಸರಿಡಿದು ಕರೀತಾನೆ, ನೋಡ್ತಿರು." ಅವಳು ನಕ್ಕಳು, ಒಪ್ಪಿದಳು. ಹೊರಗೆ ಬಂದು ತಮ್ಮನಿಗೆ, "ಎಲ್ಲಾ ಹೇಳ್ದೆ, ಹ್ಞೂಂ ಅಂದ್ಲು" ಅಂದೆ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುವುದಿಲ್ಲವೇ, ನಾನು ಎರಡೇ ಹೇಳಿದ್ದು ಎಂದು ನನಗೆ ನಾನೇ ಸಮಾಧಾನ ಮಾಡಿಕೊಂಡೆ.

ಮದುವೆಯಾಗಿ ಬಂದ ಹೊಸದರಲ್ಲಿ ಗಂಡ ಹೆಂಡತಿಯ ನಡುವೆ ಓಡಾಡುವ ಮಾತೆಲ್ಲ ನನ್ನ ಬಾಯಿಂದಲೇ ಹೋಗಬೇಕಿತ್ತು. ತಿಮ್ಮರಾಯಿ ಸಾರಿಗೆ ಉಪ್ಪು ಕಮ್ಮಿ ಎಂದು ಎರಡು ಬೆರಳು ಆಡಿಸಿದರೆ ನಾನು, "ಸಾರು ಅಮೃತ ಆಗೈತಂತೆ, ಚಿಟಿಕೆ ಉಪ್ಪು ಬಿದ್ರೆ ದೇವ್ರೇ ಇಳಿದು ಬತ್ತಾನಂತೆ" ಅನ್ನುತ್ತಿದ್ದೆ. ಅವನು ತಲೆ ಚಚ್ಚಿಕೊಳ್ಳುತ್ತಿದ್ದ, ಅವಳು ನಗುತ್ತಿದ್ದಳು. ವರ್ಷ ತುಂಬುವುದರೊಳಗೆ ಉಪ್ಪು, ಹುಳಿ, ಹೋಗು, ಬಾ ಅನ್ನುವಷ್ಟಕ್ಕೆ ನನ್ನ ಬಾಯಿ ಅವಳಿಗೆ ಬೇಕಾಗಲಿಲ್ಲ. ಅಷ್ಟು ಮಾತ್ರ ಕಲಿತಿದ್ದಾಳೆ ಎಂದುಕೊಂಡೆ. ಆದರೆ ಪ್ರತಿ ದೀಪಾವಳಿಗೆ ದೀಪ ಹಚ್ಚಿಟ್ಟು ಅವಳು ಮೊದಲು ಗಂಡನ ಮುಖ ನೋಡುವಳು, ಆಮೇಲೆ ನನ್ನ ಮುಖ. ಒಂದು ಮಾತೂ ಕೇಳುತ್ತಿರಲಿಲ್ಲ. ನಾನು ಹೋಳಿಗೆಗೆ ಎಣ್ಣೆ ಹೆಚ್ಚಾಯಿತೇನೋ ಎಂದು ತಟ್ಟೆ ನೋಡುತ್ತಾ ಕೂರುತ್ತಿದ್ದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ನನಗೆ ಯಾರೂ ಕಳ್ಳ ಅನ್ನುವುದೇ ಬೇಕಿರಲಿಲ್ಲ.

ಹೀಗಿರುವಾಗ ಕೃಷಿ ಆಫೀಸಿಗೆ ಶಕೀಲಾ ಮೇಡಂ ಬಂದರು. ಬಂದ ಮೊದಲ ದಿನ ಬಾಡಿಗೆ ಮನೆಯಲ್ಲಿ ಜಿರಳೆ ಹೊಡೆದು, ಡ್ಯೂಟಿಗೆ ಸೇರುವಾಗ ಸಾಹೇಬರ ಮುಂದೆ ಹೆಸರು ಹೇಳಲಾಗದೆ ಚೀಟಿಯಲ್ಲಿ ಬರೆದು ತೋರಿಸಿದವರು ಅವರು. ಅಲ್ಲಿಂದ ಮೂರು ವರ್ಷ ನಮ್ಮ ಹೊಲಗಳ ಮಣ್ಣು ಹೊತ್ತುಕೊಂಡು ಹೋಗಿ ಡಬ್ಬಿಗೆ ತುಂಬುವುದು, ಹಳೇ ಜೇನುಗೂಡಿನ ಮೇಣದ ಹುಳ ತಂದು ಅದರೊಳಗೆ ಬಿಡುವುದು, ಮೂಸಿ ನೋಡುವುದು, ಇದೇ ಕೆಲಸ. ಮೇಡಮ್ಮಿಗೆ ಗ್ರಹಚಾರ ಎಂದುಕೊಂಡಿದ್ದೆವು. ಒಂದು ದಿನ ಆಫೀಸಿನ ಜಗಲಿಗೆ ಊರನ್ನೆಲ್ಲ ಕರೆದು ತಟ್ಟೆಯಲ್ಲಿ ಗೊಣ್ಣೆಹುಳ ಇಟ್ಟು ತೋರಿಸಿದರು. ಹಾಲುಬಿಳುಪು ಹುಳ ಇಟ್ಟಿಗೆ ಬಣ್ಣಕ್ಕೆ ತಿರುಗಿ ಮೆತ್ತಗೆ ಬಿದ್ದಿತ್ತು. ನಮ್ಮ ಮಣ್ಣಿನಲ್ಲೇ ಕಣ್ಣಿಗೆ ಕಾಣದ ಒಂದು ಜಂತು ಇದೆಯಂತೆ, ನೂಲಿನ ಎಳೆಯ ಹಾಗೆ, ಮೇಣದ ಹುಳದ ಆಸೆ ತೋರಿಸಿ ಮೇಡಂ ಹಿಡಿದದ್ದು ಅದನ್ನೇ. ಅದು ಗೊಣ್ಣೆಹುಳದ ಮೈಯೊಳಗೆ ಹೊಕ್ಕು ಎರಡು ದಿನದಲ್ಲಿ ಕೊಂದು, ಅಲ್ಲೇ ಸಂಸಾರ ಹೂಡಿ, ಲಕ್ಷಗಟ್ಟಲೆ ಮರಿಯಾಗಿ ಹೊರಗೆ ಬಂದು ಮುಂದಿನ ಹುಳ ಹುಡುಕಿಕೊಂಡು ಹೋಗುತ್ತದಂತೆ. ಮನುಷ್ಯರಿಗೆ, ದನಕ್ಕೆ, ಗಿಡಕ್ಕೆ ಏನೂ ಮಾಡುವುದಿಲ್ಲವಂತೆ. ನೀರಿನಲ್ಲಿ ಕದಡಿ ಹೊಲಕ್ಕೆ ಹುಯ್ದರೆ ಸಾಕಂತೆ. ಅವತ್ತೇ ನಾವು ಅದಕ್ಕೆ ಎಳೆಹುಳ ಎಂದು ಹೆಸರಿಟ್ಟೆವು.

ಯಾರಿಗೂ ಎಳೆಹುಳದ ಮೇಲೆ ಗಮನವಿರಲಿಲ್ಲ. ಎಲ್ಲರೂ ಮೇಡಂ ಬಾಯಿ ನೋಡುತ್ತಿದ್ದೆವು. ತಟ್ಟೆಯಲ್ಲಿ ಹನ್ನೆರಡು ಹುಳ ಸತ್ತಿವೆ, ಈಕೆ ಒಂದೇ ಸಮ ಮಾತಾಡುತ್ತಿದ್ದಾರೆ. ನಾನು ಕೇಳಿಯೇಬಿಟ್ಟೆ, "ಮೇಡಮ್ಮೋರೆ, ಇವನ್ನ ಸಾಯಿಸಿದ್ದು ನೀವಲ್ವಾ?" ಅವರು ಹೇಳಿದರು, "ನಾನು ಎಳೆಹುಳ ಸಾಕಿದೀನಿ ಕ್ಯಾತಣ್ಣ. ಅವಕ್ಕೆ ಹಸಿವಾಗಿತ್ತು, ತಿಂದವು. ನಿಮ್ಮನೇಲಿ ಬೆಕ್ಕು ಸಾಕಿದೀರಲ್ಲ, ಅದು ಇಲಿ ಹಿಡಿದ ದಿನ ನಿಮ್ಮ ಬಾಯಿ ಹೋಗುತ್ತಾ?" ಜನ ಹೌದಲ್ಲ ಎಂದರು. ನನ್ನ ಬಾಯಿ ಅಷ್ಟಕ್ಕೆ ಮುಚ್ಚುವುದೇ? "ಬೆಕ್ಕನ್ನ ಯಾರೂ ನೀರಲ್ಲಿ ಕದಡಿ ಹುಯ್ಯಲ್ಲ ಮೇಡಂ. ಹುಯ್ಯೋ ಕೈಗೆ ಪಾಪ ಅಂಟಲ್ಲ ಅಂತ ಏನು ಗ್ಯಾರಂಟಿ?" ಅದಕ್ಕೂ ಜನ ಹೌದಲ್ಲ ಎಂದರು. ಗ್ಯಾರಂಟಿ ಕೊಡಲು ಮೇಡಮ್ಮಿಗೂ ಆಗಲಿಲ್ಲ, ಹೊಲಕ್ಕೆ ಹುಯ್ದು ನೋಡಿದವರು ಅವತ್ತಿನವರೆಗೆ ಯಾರೂ ಇರಲಿಲ್ಲ.

ಅವತ್ತು ಸಂಜೆ ಗಂಗಹನುಮಕ್ಕ ನಾನು ಕೂತಿದ್ದ ಕಡೆ ಬಂದು ನಿಂತಳು. "ಭಾವ, ನಮ್ಮೊಲಕ್ಕೆ ಆ ಹುಳ ತನ್ನಿ. ಇವ್ರು ಇದೊಂದು ಮುಂಗಾರು ಮಡಕೆ ಮುಟ್ಟದೆ ಇದ್ರೆ ಸಂಕ್ರಾಂತಿ ಹೊತ್ಗೆ ಬಾಯಿ ಬತ್ತೈತೆ. ನಾನು ಇವ್ರ ದನಿ ಕೇಳ್ಬೇಕು. ಒಂಬತ್ತು ವರ್ಷ ಆತು." ತಿಮ್ಮರಾಯಿಗೆ ಬಾಯಿ ಬಂದರೆ ಗಂಡ ಹೆಂಡತಿ ಕೂತು ಮಾತಾಡುತ್ತಾರೆ. ಮಾತಾಡಿದರೆ ಹೊಂಗೆಮರದ ಕೆಳಗೆ ಅವನು ಹೇಳಿದ್ದು, ನಡುಮನೆಯಲ್ಲಿ ನಾನು ಹೇಳಿದ್ದು ಒಂದರ ಪಕ್ಕ ಒಂದು ಬಂದು ಕೂರುತ್ತವೆ. ಆಮೇಲೆ ಈ ಮನೆಯಲ್ಲಿ ನನಗೆ ಯಾವ ಮುಖ? ಆದರೂ ಬೇಡ ಅನ್ನಲು ಯಾವ ನೆಪವೂ ತೋಚದೆ, "ಆತು ತಾಯಿ, ತರಾನ" ಅಂದೆ. ಅವಳು ಹೋಗಲಿಲ್ಲ. "ಹುಯ್ಯೋದೂ ನೀವೇ. ಸರದಿ ನಿಮ್ದು," ಅಂದಳು. ಪಕ್ಕದಲ್ಲಿದ್ದ ತಿಮ್ಮರಾಯಿ, ನಾನೇ ಹುಯ್ಯುತ್ತೇನೆ ಬಿಡು ಎಂದು ಕೈಯೆತ್ತಿದ. ಅವಳು ಆ ಕೈಯನ್ನು ಹಿಡಿದು ಕೆಳಗಿಳಿಸಿದಳು.

ಮೇಡಂ ಎಳೆಹುಳ ಅಂಟಿಸಿದ ಸ್ಪಂಜಿನ ತುಂಡುಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಕೊಟ್ಟರು. "ನೀರಲ್ಲಿ ಹಿಂಡಿ, ಹೊತ್ತು ಮುಳುಗೋ ಹೊತ್ತಿಗೆ ಹುಯ್ಯಿರಿ. ಬಿಸಿಲು ತಾಗಬಾರದು. ನೆಲ ಒದ್ದೆ ಇರಬೇಕು. ಇದು ಗೊಬ್ಬರ ಅಲ್ಲ ಕ್ಯಾತಣ್ಣ, ಜೀವ ಇರೋದು, ನೆನಪಿರಲಿ." ನಾನು ಹ್ಞೂಂ ಹ್ಞೂಂ ಅಂದೆ, ಆದರೆ ನನ್ನ ಮನಸ್ಸೆಲ್ಲ ನನ್ನ ನಾಲಿಗೆಯ ಮೇಲೇ ಇತ್ತು. ಹುಯ್ಯಬೇಕು, ಆದರೆ ಹುಯ್ದವನು ನಾನಾಗಿರಬಾರದು, ಹೇಗೆ? ದಾರಿಯಲ್ಲಿ ನಡೆಯುತ್ತಾ ನಡೆಯುತ್ತಾ ಹೊಳೆಯಿತು. ನಮ್ಮ ಮನೆಯ ಎತ್ತು ಕೆಂದನಿಗೆ ಒಂದು ಅಭ್ಯಾಸವಿತ್ತು. ನಡುಹಗಲಾದರೆ ಸಾಕು, ಯಾರೂ ಹೊಡೆಯದಿದ್ದರೂ ಒಂಟಿಗಾಡಿ ಎಳೆದುಕೊಂಡು ಹೊಲ ಹಾಯ್ದು ತೊಟ್ಟಿಗೆ ನೀರು ಕುಡಿಯಲು ಹೋಗುತ್ತಿತ್ತು. ಗಾಡಿಯ ಮೇಲೆ ಡ್ರಮ್ಮು ಇಟ್ಟು, ತಳದಲ್ಲಿ ತೂತು ಮಾಡಿ, ಅದಕ್ಕೆ ಬಡಿದ ಬೆಣೆಗೆ ಹಗ್ಗ ಕಟ್ಟಿ ಗೂಟಕ್ಕೆ ಬಿಗಿದರೆ, ಎತ್ತು ಹೊರಟ ಕೂಡಲೇ ಬೆಣೆ ಕಿತ್ತುಬಂದು ಹೊಲದುದ್ದ ನೀರು ಸುರಿಯುತ್ತದೆ. ಹುಯ್ದದ್ದು ಎತ್ತು. ಎತ್ತಿನದು ಎತ್ತಿನ ಬಾಬತ್ತು. ಆದರೆ ಕೆಂದ ಸಂಜೆ ಹೊತ್ತು ನಡೆಯುತ್ತಿರಲಿಲ್ಲ, ನಡೆಯುತ್ತಿದ್ದದ್ದು ನಡುಹಗಲಿಗೆ. ಒಂದು ದಿನದ ಬಿಸಿಲು ಏನು ಮಾಡೀತು ಎಂದುಕೊಂಡೆ.

ಬೆಳಗ್ಗೆಯೇ ಡ್ರಮ್ಮಿಗೆ ನೀರು ತುಂಬಿ ಎಳೆಹುಳ ಹಿಂಡಿ ಗಾಡಿಯನ್ನು ಮೇಲಿನ ಬದುವಿಗೆ ತಂದು ನಿಲ್ಲಿಸಿದೆ. ಮೂರು ದಿನದಿಂದ ಮಳೆ ಇಲ್ಲ, ಮಣ್ಣು ಕಾದು ಕಾಲು ಸುಡುತ್ತಿತ್ತು. ಸುದ್ದಿ ತಿಳಿದು ಅರ್ಧ ಊರು ಬದುವಿನ ಮೇಲೆ ಕೂತಿತ್ತು. ಗಂಗಹನುಮಕ್ಕ ಒಂದು ಸಲ, "ಭಾವ, ಮೇಡಂ ಸಂಜೆ ಅಂದಿದ್ರಲ್ವಾ?" ಎಂದಳು. "ಅದೆಲ್ಲ ನಂಗೆ ಬುಡು," ಅಂದೆ. ನೆತ್ತಿಗೆ ಸೂರ್ಯ ಬಂದಾಗ ಕೆಂದ ಕಿವಿ ಕೊಡವಿ ಹೊರಟಿತು. ಬೆಣೆ ಕಿತ್ತುಬಂತು. ಬಿಸಿ ಮಣ್ಣಿನ ಮೇಲೆ ಬಿಸಿ ನೀರು ಸುರಿಯುತ್ತಾ ಹೋಯಿತು. ನನಗೋ ಉಬ್ಬು. ಜನರ ಕಡೆ ತಿರುಗಿ ನಿಂತು, "ನೋಡ್ರಪ್ಪ, ಹುಯ್ತಾ ಇರೋದು ಕೆಂದ. ನಾನು ಸುಮ್ಕೆ ನಿಂತೀನಿ. ಹೋದ್ರೆ ಅದರ ಅಂಬಾ ಹೋಗ್ತೈತೆ. ಇವತ್ತಿಂದ ನಮ್ಮನೇಲಿ ಯಾರ ಬಾಯೂ" ಅಂದವನು ಅಲ್ಲಿಗೇ ನಿಂತೆ. ಬಾಯಿ ಆಡುತ್ತಿದೆ, ದನಿ ಇಲ್ಲ. ತೊಟ್ಟಿಯ ಹತ್ತಿರ ಕೆಂದ ಚೆನ್ನಾಗಿಯೇ ಅಂಬಾ ಎಂದಿತು.

ಜನ ಎದ್ದು ನಿಂತರು. ಕ್ಯಾತಣ್ಣನ ಬಾಯಿ ಹೋಯಿತೆಂದರೆ ನೆಲದೊಳಗೆ ಗೊಣ್ಣೆಹುಳ ಸತ್ತವು ಎಂದೇ ಅರ್ಥವಲ್ಲವೇ? ಆಟ ಆಡಲು ಹೋಗಿ ಸಿಕ್ಕಿಬಿದ್ದರೂ ಕೆಲಸವಂತೂ ಆಯಿತು ಎಂದು ಯಾರೋ ನನ್ನ ಬಾಯಿಗೆ ಬೆಲ್ಲ ಹಾಕಿದರು. ನನ್ನ ಹೆಂಡತಿ ಲಕ್ಕಮ್ಮ, "ನಮ್ಮನೇಗೆ ಇವತ್ತು ಹಬ್ಬ" ಅಂದಳು. ಗಂಗಹನುಮಕ್ಕ ಮಾತ್ರ ಬಂದು ಕಾಲು ಮುಟ್ಟಿ ಅತ್ತಳು. "ಭಾವ, ನನ್ನ ಗಂಡನ ಬಾಯಿಗೆ ನಿಮ್ಮ ಬಾಯಿ ಕೊಟ್ರಿ." ಆ ಗಳಿಗೆಯಲ್ಲಿ ನನಗಾದ ನಾಚಿಕೆ ಶತ್ರುವಿಗೂ ಬೇಡ. ಅವಳ ತಲೆಯ ಮೇಲೆ ಕೈ ಇಡುವುದಕ್ಕೂ ನನಗೆ ಧೈರ್ಯ ಬರಲಿಲ್ಲ.

ಸಂಜೆಗೆ ಮೇಡಂ ಬಂದರು. ನಡುಹಗಲಲ್ಲಿ ಹುಯ್ದೆವು ಎಂದು ಕೇಳಿ ಅವರ ಮುಖ ಸಣ್ಣದಾಯಿತು. ಕುರ್ಚಿಗೆ ತೆಗೆದುಕೊಂಡು ಒಂದು ಗಿಡದ ಬುಡ ಕೆದಕಿದರೆ ಗೊಣ್ಣೆಹುಳ ಎರಡು, ಪಕ್ಕದಲ್ಲಿ ಮೂರು, ಎಲ್ಲ ಗುಂಡುಗುಂಡಾಗಿ ಜೀವಂತ. ಡ್ರಮ್ಮಿನ ತಳದಲ್ಲಿ ಉಳಿದ ನೀರಿನ ಒಂದು ಹನಿಯನ್ನು ಗಾಜಿನ ಮೇಲೆ ಬಿಟ್ಟು ತಾವು ತಂದಿದ್ದ ಮಸೂರದಲ್ಲಿ ನೋಡಿ, ಆಮೇಲೆ ನನಗೂ ನೋಡಲು ಕೊಟ್ಟರು. ಚಿಕ್ಕ ಚಿಕ್ಕ ಎಳೆಗಳು, ಸೂಜಿಯ ಹಾಗೆ ನೆಟ್ಟಗೆ. "ಜೀವ ಇದ್ದಿದ್ರೆ ಬಳುಕಬೇಕಿತ್ತು," ಅಂದರು. "ಕ್ಯಾತಣ್ಣ, ನಿಮ್ಮ ಬಾಯಿ ಹೋಗಿದ್ದು ಗೊಣ್ಣೆಹುಳಕ್ಕಲ್ಲ. ನೀವು ಬಿಸಿಲಿಗಿಟ್ಟು ಕೊಂದಿದ್ದು ನನ್ನ ಎಳೆಹುಳಗಳನ್ನ." ಎಷ್ಟು ಎಂದು ಯಾರೋ ಕೇಳಿದರು. "ಇಪ್ಪತ್ತೈದು ಕೋಟಿ." ಆಮೇಲೆ ನಮ್ಮೂರು ಹುಟ್ಟಿದ ಮೇಲೆ ಯಾವತ್ತೂ ನಗದಷ್ಟು ನಕ್ಕಿತು. ಮಾಂಸದಂಗಡಿ ಓಬಳೇಶ ಕೂಡ ದನಿಯಿಲ್ಲದೆ ಹೊಟ್ಟೆ ಹಿಡಿದುಕೊಂಡು ನಕ್ಕ, ಒಂದು ಊರಿನ ಕುರಿಯನ್ನೆಲ್ಲ ಕಡಿದರೂ ಮುಟ್ಟದ ಲೆಕ್ಕವನ್ನು ನಾನು ಒಂದೇ ಹಗಲಿಗೆ ಮುಟ್ಟಿಸಿದ್ದೆ.

ನಗದೆ ಇದ್ದವರು ಇಬ್ಬರು. ತಿಮ್ಮರಾಯಿ ಸುಮ್ಮನೆ ಹೋಗಿ ಉಪ್ಪುನೀರಿನ ಮಡಕೆ ತಂದ. ಗಂಗಹನುಮಕ್ಕ ಆ ಮಡಕೆಯ ಮೇಲೆ ಕೂತುಬಿಟ್ಟಳು. "ಮೇಡಂ, ಇನ್ನೊಂದ್ಸಲ ಕೊಡ್ತೀರಾ?" ಎಂದಳು. ಮತ್ತೆ ಅಷ್ಟು ಎಳೆಹುಳ ಆಗಬೇಕಾದರೆ ಮೂರು ವಾರ ಬೇಕು ಎಂದರು ಮೇಡಂ. ಆ ಮೂರು ವಾರ ನಾನು ಮರೆಯುವುದಿಲ್ಲ. ದಿನ ಬೆಳಗಾದರೆ ಹೊಲದಲ್ಲಿ ಇನ್ನೊಂದಿಷ್ಟು ಗಿಡ ಬಾಡಿ ಮಲಗಿರುತ್ತಿತ್ತು. ತಿಮ್ಮರಾಯಿ ನೋಡಲಾರದೆ ಕೈಯಲ್ಲಿ ಬೇಡುತ್ತಿದ್ದ: "ಬೆಳೆ ಹೋಗ್ತೈತೆ ಕಣೆ, ಬುಡು." ಅವಳು, "ಹೋಗ್ಲಿ. ಕಡ್ಲೆಕಾಯಿ ಬರೋ ವರ್ಷ ಬೆಳ್ಕೋಬೋದು" ಅನ್ನುತ್ತಿದ್ದಳು. ಮಡಕೆಯನ್ನು ಎಲ್ಲಿ ಬಚ್ಚಿಟ್ಟಳೋ, ನಾನು ಹುಡುಕಿದರೂ ಸಿಗಲಿಲ್ಲ. ಹುಡುಕಿದ್ದು ನಾನು ಹೆಕ್ಕೋಣ ಎಂದೇ. ಬಾಯಿ ಹೇಗೂ ಹೋಗಿದೆ, ಇನ್ನೊಂದು ನೂರು ಹುಳಕ್ಕೆ ಏನು? ಕುರ್ಚಿಗೆ ಮುಟ್ಟಿ ಕೈಯಲ್ಲಿ ಹಾಗೆಂದೆ. ಅವಳು ಕುರ್ಚಿಗೆ ಕಿತ್ತುಕೊಂಡು, "ಈಗ ಬ್ಯಾಡ ಭಾವ. ಹಿಂದೆ ಇಳೀಬೇಕಿತ್ತು" ಅಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಅವಳು ಮೆಲ್ಲಗೆ ಹೇಳಿದಳು. ಹೊಲದಲ್ಲಿ ಮೂರರಲ್ಲೊಂದು ಪಾಲು ಹೋಯಿತು.

ಎರಡನೇ ಸಲದ ಎಳೆಹುಳ ಬಂದಾಗ ಅವಳು ಯಾರನ್ನೂ ಕೇಳಲಿಲ್ಲ. ಹಿಂದಿನ ದಿನ ಮಳೆ ಬಿದ್ದು ನೆಲ ಹದವಾಗಿತ್ತು. ಹೊತ್ತು ಮುಳುಗುವಾಗ ಕ್ಯಾನು ಎತ್ತಿಕೊಂಡು ತಾನೇ ಇಳಿದಳು. ತಿಮ್ಮರಾಯಿ ಅಡ್ಡ ನಿಂತ. ಅವನ ಕೈಗಳು ಅಷ್ಟು ಜೋರಾಗಿ ಮಾತಾಡಿದ್ದನ್ನು ನಾನು ಕಂಡಿರಲಿಲ್ಲ: "ನಿನ್ನ ಬಾಯಿ ಹೋದ್ರೆ? ಈ ಮನೇಲಿ ನಾನು ಕೇಳೋದು ಅದೊಂದೇ." ಅವಳು ಅವನನ್ನು ಪಕ್ಕಕ್ಕೆ ಸರಿಸಿದಳು. ಸಾಲು ಹಿಡಿದು ಹುಯ್ಯುತ್ತಾ ಹೋದಳು, ಹುಯ್ಯುತ್ತಾ ಗಟ್ಟಿಯಾಗಿ ಮಾತಾಡುತ್ತಾ ಹೋದಳು, ದನಿ ಇದೆಯೋ ಇಲ್ಲವೋ ಎಂದು ತನಗೇ ಗೊತ್ತಾಗಲಿ ಎಂದು. ತವರುಮನೆಯ ಎಮ್ಮೆಗಳ ಹೆಸರು ಹೇಳಿದಳು. ಬೆಳಗಿನ ಸಾರಿಗೆ ಏನೇನು ಹಾಕಿದ್ದೆ ಎಂದು ಹೇಳಿದಳು. ಚಿಕ್ಕವಳಿದ್ದಾಗ ಹೊಂಗೆಮರದಿಂದ ಬಿದ್ದದ್ದು, ಮದುವೆಯಲ್ಲಿ ಸೀರೆಯ ಅಂಚು ಸುಟ್ಟದ್ದು, ಬಾಯಿಗೆ ಬಂದದ್ದೆಲ್ಲ. ಒಂದೊಂದು ಸಾಲು ಮುಗಿದಾಗಲೂ ತಿಮ್ಮರಾಯಿ ಬದುವಿನ ಮೇಲೆ ಉಸಿರು ಬಿಡುತ್ತಿದ್ದ. ಕೊನೆಯ ಸಾಲಿನಲ್ಲಿ ಹೇಳಲು ಏನೂ ಉಳಿಯದೆ ಒಂದು ಎರಡು ಎಂದು ಎಣಿಸುತ್ತಾ ಹೋಗಿ ನಾನೂರಕ್ಕೆ ಕ್ಯಾನು ಖಾಲಿ ಮಾಡಿದಳು. ದನಿ ಹಾಗೇ ಇತ್ತು. ಮರುದಿನವೂ ಇತ್ತು. ಆರನೇ ದಿನ ಮಣ್ಣು ಕೆದಕಿದರೆ ಗೊಣ್ಣೆಹುಳಗಳು ಇಟ್ಟಿಗೆ ಬಣ್ಣಕ್ಕೆ ತಿರುಗಿ ಜೋತುಬಿದ್ದಿದ್ದವು. ಅವಳು ಒಂದನ್ನು ಅಂಗೈಯಲ್ಲಿ ಹಿಡಿದುಕೊಂಡು ಹೋಗಿ ಮೇಡಮ್ಮಿಗೆ ತೋರಿಸಿ, "ಬೆಕ್ಕೇ ಕಣ್ರಿ ಮೇಡಂ, ಬೆಕ್ಕೇ" ಅಂದಳಂತೆ.

ತಿಮ್ಮರಾಯಿಯ ಬಾಯಿ ಬಂದದ್ದು ಸಂಕ್ರಾಂತಿ ಕಳೆದು ನಾಲ್ಕನೇ ದಿನ, ಬೆಳಗಿನ ಹೊತ್ತು. ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದವನು ಎಂದಿನಂತೆ ಕೆಂದನ ಪಕ್ಕೆಗೆ ತಟ್ಟಿ, "ಅತ್ಲಾಗ್ ಸರಿ" ಅಂದ. ಅಂದವನಿಗೇ ಗಾಬರಿ. ಅಡಿಗೆಮನೆಯಲ್ಲಿದ್ದ ಗಂಗಹನುಮಕ್ಕ, "ಯಾರದು ಕೊಟ್ಟಿಗೇಲಿ?" ಎಂದು ಕೂಗಿದಳು. ಯಾರೋ ಪರಗಂಡಸು ಒಳಗೆ ಬಂದಿದ್ದಾನೆ ಎಂದುಕೊಂಡಿದ್ದಳು, ಅವಳಿಗೇನು ಗೊತ್ತು ಆ ದನಿ? ಅವನು ಸಗಣಿ ಕೈಯಲ್ಲೇ ಬಾಗಿಲಿಗೆ ಬಂದು ನಿಂತು, "ನಾನು" ಅಂದ. ಅವಳ ಕೈಯಲ್ಲಿದ್ದ ಮುದ್ದೆ ಕೋಲು ಹಾಗೇ ನಿಂತಿತು. "ಇನ್ನೊಂದ್ಸಲ ಅನ್ನಿ" ಅಂದಳು. ನಾನು ಹಜಾರದಲ್ಲಿ ಕೂತು ಕೇಳುತ್ತಿದ್ದೆ, ಕಣ್ಣು ತುಂಬಿ ಬಂತು, ಎದ್ದು ಹೊರಗೆ ಹೋದೆ.

ಪದ್ಧತಿಯ ಪ್ರಕಾರ ಈಗ ನಾನು ಬಾಯಿಲ್ಲದವನು, ತಿಮ್ಮರಾಯಿ ನನ್ನ ಬಾಯಾಳು. ಎಂಟು ದಿನ ಕಾದೆ. ಇವತ್ತು ಅವರಿಬ್ಬರು ಆ ಮಾತು ಎತ್ತುತ್ತಾರೆ, ನಾಳೆ ಎತ್ತುತ್ತಾರೆ ಎಂದು ಹಜಾರದಲ್ಲೇ ಕೂತಿರುತ್ತಿದ್ದೆ. ಅವರು ಎತ್ತಲೇ ಇಲ್ಲ. ಒಂಬತ್ತನೇ ದಿನ ಊಟಕ್ಕೆ ಕೂತಾಗ ನನ್ನಿಂದ ತಡೆಯಲಾಗಲಿಲ್ಲ. ಕೈ ತೊಳೆದುಕೊಂಡು ತಮ್ಮನ ಎದುರಿಗೆ ಕೂತು ಕೈಯಲ್ಲಿ ಹೇಳಿದೆ: "ಗಂಗವ್ವಂಗೆ ಹೇಳು. ಹೆಣ್ಣು ನೋಡೋಕೆ ಬಂದ ದಿನ ನೀನು ಹೇಳು ಅಂದಿದ್ದನ್ನ ನಾನು ಹೇಳ್ಲಿಲ್ಲ. ಒಂದೇ ಮುಂಗಾರು ಅಂತ ಸುಳ್ಳು ಹೇಳ್ದೆ. ನಿಂಗೂ ಸುಳ್ಳು ಹೇಳ್ದೆ. ಆಮೇಲೆ ಸರದಿಗೂ ಇಳೀಲಿಲ್ಲ. ನಿಮ್ಮಿಬ್ರ ಒಂಬತ್ತು ವರ್ಷ ನಾನು ತಿಂದೆ." ತಿಮ್ಮರಾಯಿ ನನ್ನ ಕೈಯನ್ನು ಕೊನೆಯವರೆಗೆ ನೋಡಿದ. ಆಮೇಲೆ ಹೆಂಡತಿಯ ಕಡೆ ತಿರುಗಿ, ಇನ್ನೂ ಪಳಗದ ದನಿಯಲ್ಲಿ ಹೇಳಿದ: "ಅಣ್ಣಂಗೆ ಹಸಿವು ನಿಂತಿಲ್ವಂತೆ. ಇನ್ನರ್ಧ ಮುದ್ದೆ ಇಕ್ಕು."

ಗಂಗಹನುಮಕ್ಕ ಮುದ್ದೆ ತಂದು ನನ್ನ ತಟ್ಟೆಗೆ ಇಟ್ಟಳು. ಗಂಡನಿಗೆ, "ನೀವು ಬಾಯಾಳಾಗಿ ಹತ್ತು ದಿನ ಆಗಿಲ್ಲ, ಆಗ್ಲೇ ಅಣ್ಣನ ಬುದ್ಧಿ ಕಲ್ತ್ರಾ?" ಅಂದಳು. ಆಮೇಲೆ ನನ್ನ ಮುಂದೆ ಕೂತಳು. "ಒಂಬತ್ತು ವರ್ಷ ಕೈ ನೋಡ್ಕೊಂಡೇ ಸಂಸಾರ ಮಾಡಿದೋಳು ನಾನು ಭಾವ. ನೀವು ಏನಂದ್ರಿ ಅಂತ ನಂಗೆ ಇವ್ರು ಹೇಳ್ಬೇಕಾ? ನೀವು ಅಂದಿದ್ದ ದೀಪಾವಳೀಲಿ, ಯಾಕೆ ಮಾತು ಬರ್ಲಿಲ್ಲ ಅಂತ ನಾನು ಇವ್ರನ್ನ ಕೇಳ್ದೆ. ಇವ್ರು ಎಲ್ಲಾ ಹೇಳಿದ್ರು. ಅವತ್ತೇ ಗಂಟು ಕಟ್ಕೊಂಡು ತವರಿಗೆ ಹೋಗ್ಬೋದಿತ್ತು. ಹೋಗ್ಲಿಲ್ಲ, ಅದು ಇವ್ರ ಮುಖ ನೋಡಿ. ಆದ್ರೆ ವರ್ಷ ವರ್ಷಾನೂ ದೀಪ ಹಚ್ಚಿ ನಿಮ್ಮ ಮುಖಾನೂ ನೋಡ್ದೆ. ಊರಿಗೆಲ್ಲಾ ಮಾತಾಡೋ ಬಾಯಿ ನಿಮ್ದು, ಈ ಮಾತೊಂದು ಯಾವತ್ತು ಆಡ್ತೀರಾ ಅಂತ ಕಾಯ್ತಿದ್ದೆ." ನಾನು ಮತ್ತೆ ಕೈಯೆತ್ತಿದೆ. ಅವಳು ಬೇಡ ಎಂದು ತಲೆಯಾಡಿಸಿದಳು. "ಕೈಯಾಗಲ್ಲ ಭಾವ. ಬಾಯಾಗೆ ಹೇಳಿದ್ ಸುಳ್ಳು, ಬಾಯಾಗೇ ಹೇಳಿ."

ಮೂರು ವರ್ಷ ಆಯಿತು ಅದಕ್ಕೆ. ಆ ಮೂರು ವರ್ಷದಲ್ಲಿ ಊರಿನ ಅರ್ಧಕ್ಕರ್ಧ ಹುಳದಾಳುಗಳಿಗೆ ಬಾಯಿ ಬಂತು. ಕೆಲವರು ಬಂದ ಬಾಯಿಯನ್ನು ಜಗಳಕ್ಕೇ ಬಳಸಿದರು, ಅದೂ ಆಗಬೇಕಾದ್ದೇ. ಎಳೆಹುಳದ ಒದ್ದೆ ಬಟ್ಟೆ ಹೊತ್ತು ಮನೆಮನೆಗೆ ತಲುಪಿಸುವ ಕೆಲಸ ನನ್ನದಾಯಿತು. ಬಿಸಿಲು ತಾಗದಂತೆ ನನ್ನಷ್ಟು ಹುಷಾರಾಗಿ ಒಯ್ಯುವವರು ಇನ್ನೊಬ್ಬರಿಲ್ಲ ಎಂದು ಮೇಡಂ ಎಲ್ಲರ ಮುಂದೆ ಹೇಳುತ್ತಾರೆ, ಜನ ನಗುತ್ತಾರೆ. ಮೊನ್ನೆ ಕಡಲೆಕಾಯಿ ಕೀಳುವ ಕಾಲದಲ್ಲಿ, ಬೆಳಗ್ಗೆ ಮುಖ ತೊಳೆಯುವಾಗ ಕೆಮ್ಮು ಬಂತು, ಕೆಮ್ಮಿನ ಜೊತೆ ದನಿ ಬಂತು. ಎಳೆಹುಳ ಸೊಳ್ಳೆಗಿಂತ ಎಷ್ಟೋ ಸಣ್ಣದು, ಒಂದಕ್ಕೆ ಉಸಿರಿನ ಹತ್ತರಲ್ಲೊಂದು ಪಾಲಿನ ಲೆಕ್ಕದಲ್ಲಿ ಇಪ್ಪತ್ತೈದು ಕೋಟಿಯೂ ತೀರಿತ್ತು. ಲಕ್ಕಮ್ಮ ಓಡಿ ಬಂದು, "ಏನಾದ್ರೂ ಮಾತಾಡಿ" ಅಂದಳು. ನಾನು ತುಟಿ ಬಿಗಿಹಿಡಿದು ತಲೆಯಾಡಿಸಿದೆ. ದಾರಿಯಲ್ಲಿ ಎದುರಾದವರು ಕೇಳಿದ್ದಕ್ಕೂ ಉತ್ತರ ಕೊಡಲಿಲ್ಲ. ನೇರ ಹೊಲಕ್ಕೆ ಹೋದೆ. ಗಂಗಹನುಮಕ್ಕ ಗಿಡ ಕಿತ್ತು ಮಣ್ಣು ಕೊಡವುತ್ತಿದ್ದಳು. ತಿಮ್ಮರಾಯಿ ಆಚೆ ಸಾಲಿನಲ್ಲಿದ್ದ. ನಾನು ಅವಳ ಮುಂದೆ ನಿಂತು ಹೇಳಿದೆ, "ಅವತ್ತು ನಿಮ್ಮನೇಲಿ ನಾನು ಸುಳ್ಳು ಹೇಳ್ದೆ ಕಣವ್ವ. ತಪ್ಪಾತು."

ಅವಳು ಕೈ ನಿಲ್ಲಿಸಿ ನನ್ನ ಮುಖ ನೋಡಿದಳು. "ಹ್ಞೂಂ," ಅಂದಳು. "ಆ ಕುಕ್ಕೆ ಇತ್ಲಾಗ್ ತಳ್ಳಿ ಭಾವ."